ಆನೆಯ ಹಿಂಗಾಲು

ಮಾನ ಹೋಗುವ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಐವತ್ತರ ದಶಕದಲ್ಲೊಮ್ಮೆ ಕ್ಯಾಮೆರಾ ಹೊತ್ತುಕೊಂಡೇ ಬಂದವು. ಬೊಂಬಾಯಿಯ ಅಂಧೇರಿಯಲ್ಲಿದ್ದ ನಮ್ಮ ಹಳೆಯ ಬ್ಯಾಲೆ ಕಂಪನಿಯ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಮೈಸೂರು ಕಡೆಯ ನಿರ್ದೇಶಕರೊಬ್ಬರು ಹೊರಟರು. ಕುಣಿಯುತ್ತಿದ್ದ ನಾವೆಲ್ಲ ಆಗ ನಡುವಯಸ್ಸು ದಾಟಿ ಬೇರೆ ಬೇರೆ ಕೆಲಸ ಹಿಡಿದಿದ್ದೆವು. ನಾನು ಸಾಂತಾಕ್ರೂಜಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದೆ.

ಕಂಪನಿಯ ಹೆಸರುವಾಸಿ ಬ್ಯಾಲೆಯಲ್ಲಿ ಇಬ್ಬರು ಸೇರಿ ಒಂದು ಆನೆಯಾಗುತ್ತಿದ್ದೆವು. ಹಿಂಗಾಲು ನಾನು. ಊರೂರು ಕುಣಿದರೂ ನನ್ನ ಮುಖ ಕಂಡವರಿಲ್ಲ. "ಅಪ್ಪ, ನೀನು ನಿಜವಾಗಿ ಕುಣೀತಿದ್ಯಾ?" ಎಂದು ಮಗಳು ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಚಿತ್ರದಲ್ಲಿ ಒಂದೇ ಒಂದು ಸಲ ಮುಖ ತೋರಿಸಿ ಎಂದು ನಿರ್ದೇಶಕರನ್ನು ಬೇಡಿಕೊಂಡೆ. "ನೋಡೋಣ ಇರ್ರೀ," ಎಂದರು.

ಟಕ್ ಟಕ್

ಹಳೆಯ ಬ್ಯಾಲೆಯನ್ನೇ ಕ್ಯಾಮೆರಾದ ಮುಂದೆ ಮತ್ತೆ ಕುಣಿಯಬೇಕಿತ್ತು. ಮೊದಲ ದಿನ ಕುಣಿತ ಶುರುವಾದೊಡನೆ ಧ್ವನಿಮುದ್ರಣದವನು ಕೈ ಎತ್ತಿದ. ಏನೋ ಟಕ್ ಟಕ್ ಸದ್ದು. ಫ್ಯಾನ್ ನಿಲ್ಲಿಸಿದರು, ಪಾರಿವಾಳ ಓಡಿಸಿದರು, ಹಲಗೆಗಳಿಗೆ ಮೊಳೆ ಹೊಡೆದರು. ಸದ್ದು ನಿಲ್ಲಲಿಲ್ಲ. ಕೊನೆಗೆ ಅವನು ಮೈಕನ್ನು ನಮ್ಮ ನಾಯಕಿಯ ಕಾಲ ಬಳಿ ಹಿಡಿದ. ಸದ್ದು ಅವರ ಮಂಡಿಯದು. ಆಮೇಲೆ ನನ್ನ ಬಳಿ ಹಿಡಿದ, ನನ್ನದು ಇನ್ನೂ ಜೋರು. ನಾವೆಲ್ಲ ತಲೆ ತಗ್ಗಿಸಿದೆವು.

ನಾಯಕಿ ಮಾತ್ರ ತಗ್ಗಿಸಲಿಲ್ಲ. "ತಾಳ ತಪ್ಪಿಲ್ಲವಲ್ಲ? ಇರ್ಲಿ ಬಿಡಿ," ಎಂದರು.

ಕಾಡಿಗೆ ಹೊರಟದ್ದು

ರಾಜಕುಮಾರನ ಪಾತ್ರ ಮಾಡುತ್ತಿದ್ದವನ ಹಳೆಯ ಅಂಗಿ ಈಗ ಅವನ ಹೊಟ್ಟೆಗೆ ಸಾಲಲಿಲ್ಲ. ಬೆನ್ನು ಪೂರಾ ಬಿಚ್ಚಿ ಸೇಫ್ಟಿಪಿನ್ನು ಚುಚ್ಚಿದರು. ಎದುರಿನಿಂದ ರಾಜಕುಮಾರ, ಹಿಂದಿನಿಂದ ಬನಿಯನ್ನು. ದೃಶ್ಯವೋ, ಅವನು ತಾಯಿಗೆ ನಮಸ್ಕರಿಸಿ ಕಾಡಿಗೆ ಹೊರಡುವುದು. ಪುಣ್ಯಾತ್ಮ ಕ್ಯಾಮೆರಾಕ್ಕೆ ಬೆನ್ನು ತೋರಿಸದೆ, ಹಿಮ್ಮುಖವಾಗಿಯೇ ಕಾಡಿಗೆ ಹೋದ.

"ಇದೇನ್ರೀ?" ಎಂದರು ನಿರ್ದೇಶಕರು.

"ಅಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರೂದಿಲ್ಲ ಸರ್."

ಆನೆ

ಮುಂಗಾಲಿನವನಿಗೆ ಕಣ್ಣು ಮಂಜಾಗಿತ್ತು. "ನೀವೇ ಮುಂದೆ ಬನ್ನಿ. ಕಡೆಯಲ್ಲಿ ಸೊಂಡಿಲು ತೆಗೆದು ನಗಿ, ಮುಖ ತೋರಿಸ್ತೀನಿ," ಎಂದು ನಿರ್ದೇಶಕರು ನನಗೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದೆ ನಿಂತ ಮೇಲೆ ಗೊತ್ತಾಯಿತು, ನನಗೆ ಆ ಕುಣಿತವೇ ಬಾರದು. ಅಷ್ಟು ವರ್ಷ ನಾನು ಬಗ್ಗಿಕೊಂಡು ಮುಂದಿನವನ ಹಿಮ್ಮಡಿ ನೋಡಿಯೇ ಹೆಜ್ಜೆ ಹಾಕಿದವನು. ಈಗ ಎದುರಿಗೆ ಹಿಮ್ಮಡಿಯೇ ಇಲ್ಲ. ನಾನು ಕಂಬದಂತೆ ನಿಂತೆ. ಈಗ ಹಿಂದೆ ಸೇರಿದ್ದ ಹಳೆಯ ಮುಂಗಾಲಿನವನು ಅಭ್ಯಾಸಬಲದಿಂದ ಮುನ್ನುಗ್ಗಿದ. ಆನೆಯ ಹೊಟ್ಟೆಯ ಹೊಲಿಗೆ ಬಿಚ್ಚಿತು. ಸೊಂಡಿಲನ್ನು ಅಲ್ಲೇ ಬಿಟ್ಟು ನಾನು ಆ ಸೀಳಿನಿಂದ ಕೆಳಗೆ ಉರುಳಿದೆ. ದಯವಿಟ್ಟು ಇದನ್ನು ಕತ್ತರಿಸಿ ಎಂದು ಕೈ ಮುಗಿದೆ. ನಿರ್ದೇಶಕರು ಕತ್ತರಿಸಲಿಲ್ಲ.

ಬಾಂದ್ರಾದ ಟಾಕೀಸಿನಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ನಮ್ಮದನ್ನು ಹಾಕಿದರು. ಪಕ್ಕದಲ್ಲಿ ಮಗಳು. ಪರದೆಯ ಮೇಲೆ ಆನೆಯ ಹೊಟ್ಟೆ ಒಡೆದು, ಬಾಯಿ ತೆರೆದ ನನ್ನ ಮುಖ ಗೋಡೆಯಗಲ ಕಾಣಿಸಿತು. ಹಿಂದಿನಿಂದ ಯಾರೋ, "ಅರೇ, ಹಾಥೀ ನೇ ಬಚ್ಚಾ ದಿಯಾ," ಎಂದ. ಆನೆ ಮರಿ ಹಾಕಿತಂತೆ. ಇಡೀ ಟಾಕೀಸು ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು, ಅದು ನಮ್ಮಪ್ಪ, ಇಲ್ಲೇ ಕೂತಿದ್ದಾರೆ ಎಂದು ಹಿಂದಿಯಲ್ಲಿ ಸಾರಿಬಿಟ್ಟಳು. ಜನ ತಿರುಗಿದರು. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ.

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. "ಕೈ ತೆಗಿ ಅಪ್ಪ, ಅವರಿಗೆ ಮುಖ ಕಾಣೂದಿಲ್ಲ."