ಬೀಗಿತ್ತಿ ಕಟ್ಟಿಕೊಂಡ ಪದಪಟ್ಟಿ

ನಮ್ಮ ಅಶ್ವತ್ಥ ಭಾವ ಹೊಸ ಯಂತ್ರ ಮಾಡಿದ್ದಾರೆಂದರೆ ಅಕ್ಕ ಮೊದಲು ಗಾಜಿನ ಲೋಟಗಳನ್ನು ಎತ್ತಿಡುತ್ತಾಳೆ. ಈ ಸಲ ಅದು ಬೇರೆ ಭಾಷೆಯ ಪದ ಕಲಿಸಲು ಸೊಂಟಕ್ಕೆ ಕಟ್ಟುವ ಬೆಲ್ಟು. ಅವರ ಮಗಳು ಸುಮೇಧಾ ಮೆಚ್ಚಿದ ಹುಡುಗ ಸ್ಪೇನಿನವನು. ಅವನ ತಾಯಿ ಪಿಲಾರ್ ಮರುದಿನ ಹೆಣ್ಣು ಕೇಳಲು ಮೈಸೂರಿಗೆ ಬರುವವರಿದ್ದರು.

"ಬಾಯಿಪಾಠ ಎಲ್ಲ ಹಳೇ ಕಾಲದ್ದು. ಇದು ಅರ್ಥಾನ ಮೈಗೇ ಇಳಿಸುತ್ತೆ. ಎಲ್ಲಾ ಅರ್ಥ ಅನುಭವಿಸಿದ ಮೇಲೇ ಕೊಕ್ಕೆ ಬಿಚ್ಚೋದು," ಎಂದು ಭಾವ ಎದೆಯುಬ್ಬಿಸಿದರು. "ಒಂದು ಪದ ಹೇಳು ಮಗಳೇ."

"ಎಸ್ಪೆರಾರ್. ಕಾಯೋದು ಅಂತಲೂ ಆಗುತ್ತೆ, ಆಸೆ ಇಟ್ಕೊಳ್ಳೋದು ಅಂತಲೂ ಆಗುತ್ತೆ," ಎಂದಳು ಸುಮೇಧಾ.

ಭಾವ ಆ ಪದವನ್ನು ಬೆಲ್ಟಿಗೆ ತುಂಬಿಸಿ, ಸೊಂಟಕ್ಕೆ ಕಟ್ಟಿಕೊಂಡು ಗುಂಡಿ ಒತ್ತಿದ್ದೇ ತಡ, ಗೇಟು ನೋಡುತ್ತಾ ಕಂಬದಂತೆ ನಿಂತುಬಿಟ್ಟರು.

"ಯಾರಿಗ್ರೀ ಕಾಯ್ತಿದ್ದೀರಿ?" ಅಕ್ಕ ಕೇಳಿದಳು.

"ಗ್ಯಾಸ್ ಸಿಲಿಂಡರಿಗೆ ಕಣೇ. ಬರೋವರ್ಗೂ ಕಾಲು ಏಳಲ್ಲ."

"ಬುಕ್ ಮಾಡಿದ್ದೀರಾ?"

"ಇಲ್ಲ."

ಕೊನೆಗೆ ಪಕ್ಕದ ಮನೆಯ ಸಿಲಿಂಡರನ್ನು ನನ್ನ ಹೆಗಲಿಗೇರಿಸಿ, ಅಕ್ಕ ಗೇಟಿನಿಂದ ಒಳಗೆ ತರಿಸಿದಳು. ಕೂಡಲೇ ಎರಡನೇ ಅರ್ಥ ಶುರುವಾಯಿತು. ಎಂದೋ ಕೆಟ್ಟು ಮೂಲೆ ಸೇರಿದ್ದ ಸ್ಕೂಟರನ್ನು ಭಾವ, "ಈಗ ಸ್ಟಾರ್ಟ್ ಆಗುತ್ತೆ ನೋಡಿ" ಎನ್ನುತ್ತಾ ಊಟದ ಹೊತ್ತಿನವರೆಗೆ ಒದ್ದರು. ಸ್ಕೂಟರು ಜಗ್ಗಲಿಲ್ಲ, ಕೊಕ್ಕೆ ಬಿಚ್ಚಿಕೊಂಡಿತು.

ಮರುದಿನ ಬಂದ ಪಿಲಾರಮ್ಮ ಸೋಫಾದ ಮೇಲಿದ್ದ ಬೆಲ್ಟನ್ನು ನಮ್ಮ ಕಡೆಯ ಒಡ್ಯಾಣವೆಂದು ತಿಳಿದು ಸೊಂಟಕ್ಕೆ ಕಟ್ಟಿಕೊಂಡರು. ಆಮೇಲೆ ಸುಮೇಧಾಳ ಬಾಯಲ್ಲಿ, ಒಪ್ಪಿಗೆಯೇ ಎಂದು ಕೇಳಿಸಿದರು.

ಭಾವ ಒಪ್ಪಿ ವಾರವಾಗಿತ್ತು. ಅಡುಗೆಯವರನ್ನೂ ಗೊತ್ತು ಮಾಡಿದ್ದರು. ಆದರೆ ತಂಗಿಯರಿಗೆ ಗಂಡು ಹುಡುಕುವಾಗ ಊರೂರಿನವರ ಬಾಯಲ್ಲಿ ಕೇಳಿ ಬೇಸತ್ತಿದ್ದ ಮಾತನ್ನು ಜನ್ಮದಲ್ಲೊಮ್ಮೆ ತಾವೂ ಹೇಳಬೇಕೆಂಬ ಚಪಲ.

"ಯೋಚ್ನೆ ಮಾಡಿ ತಿಳಿಸ್ತೀವಿ," ಎಂದುಬಿಟ್ಟರು.

ಪಿಲಾರಮ್ಮ ಗಾಬರಿಯಿಂದ ಸೊಂಟ ಹಿಡಿದುಕೊಂಡರು. ಗುಂಡಿ ಒತ್ತಿಕೊಂಡಿತು. ಬೆಲ್ಟಿನಲ್ಲಿ ಇನ್ನೂ ನಿನ್ನೆಯ ಪದವೇ ಇತ್ತು. ಅವರ ದೃಷ್ಟಿ ಭಾವನ ಬಾಯಿಗೆ ಅಂಟಿಕೊಂಡಿತು.

"ಬೇಡ ಅಂದ್ರು ಅನ್ಕೊಂಡು ಹೊರಟೋಗ್ತಾರೆ. ಒಪ್ಪಿಗೆ ಅಂದ್ಬಿಡಿ ಅಪ್ಪ," ಸುಮೇಧಾಳ ಕಣ್ಣು ತುಂಬಿತು.

ಅಕ್ಕ ಭಾವನ ಬಾಯಿ ಮುಚ್ಚಿದಳು. "ಆಷಾಢ ಕಣ್ರೀ! ವಿಮಾನದ ಟಿಕೆಟ್ಟಿಗೇನು ಗೊತ್ತು? ಒಪ್ಪಿಗೆ ಏನಿದ್ರೂ ಶ್ರಾವಣದಲ್ಲಿ."

ಹೊರಟುಹೋಗುವ ಮಾತೆಲ್ಲಿ ಬಂತು! ಭಾವ ಎಲ್ಲಿಗೆ ಹೋದರೂ ಪಿಲಾರಮ್ಮ ಹಿಂದೆ. ತರಕಾರಿ ಕೊಳ್ಳುವಾಗ, ಹಲ್ಲುಜ್ಜುವಾಗ, ಅಷ್ಟೇಕೆ, ಆಕಳಿಸಿದರೂ ಉತ್ತರ ಬಂತೆಂದು ಮುಖದ ಹತ್ತಿರ ಬಗ್ಗಿ ನೋಡುವರು. ಮೂರು ದಿನ ಭಾವ ಬಾಯಿಗೆ ಟವೆಲ್ ಕಟ್ಟಿಕೊಂಡು ಓಡಾಡಿದರು. ನಾಲ್ಕನೆಯ ದಿನ ಕ್ಷೌರಕ್ಕೆ ಕೂತಾಗ, ಮುನಿಸ್ವಾಮಿ ಟವೆಲ್ ಬಿಚ್ಚಿ ನೊರೆ ಹಚ್ಚುತ್ತಿದ್ದಂತೆ ಕನ್ನಡಿಯಲ್ಲಿ ಮತ್ತೆ ಅದೇ ಮುಖ.

"ಒಪ್ಪಿಗೆ ಕಣಮ್ಮ, ಒಪ್ಪಿಗೆ!" ಎಂದು ಭಾವ ಕೂಗಿಕೊಂಡರು.

ಬೆಲ್ಟು ಎರಡನೇ ಅರ್ಥಕ್ಕೆ ಜಾರಿತು. ಪಿಲಾರಮ್ಮ ಅರಳಿದ ಮುಖದಿಂದ ಏನೋ ಕೇಳಿದರು. ಬಾಗಿಲಲ್ಲಿದ್ದ ಸುಮೇಧಾ ಅಳುತ್ತಾ ನಗುತ್ತಾ, "ಮೊಮ್ಮಗು ಯಾವಾಗ ಅಂತಿದ್ದಾರೆ," ಎಂದಳು. ಕೊಕ್ಕೆ ಟಕ್ಕೆಂದು ಬಿಚ್ಚಿಕೊಂಡಿತು.

ಒಪ್ಪಿಗೆ ಕೊಟ್ಟಿದ್ದು ಶ್ರಾವಣದಲ್ಲಿ, ದೇವರ ಮುಂದೆ ಎಂದೇ ಅಕ್ಕ ಇಂದಿಗೂ ಎಲ್ಲರಿಗೂ ಹೇಳುತ್ತಾಳೆ. ಹಾಗೇ ಹೇಳುವಂತೆ ಮುನಿಸ್ವಾಮಿಗೂ ತಾಕೀತು ಮಾಡಿದ್ದಾಳೆ.