ಹೊಳೆ ಆಚೆಯ ರಾಜಕುಮಾರ, ನಮ್ಮ ಓಣಿಯ ಬೀಡಿ

ನಮ್ಮ ಓಣಿಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದಿಲ್ಲ. ಕಥೆ ಕೇಳುವಂಥ, ಸುಮ್ಮನೆ ಕೂತು ಮಾಡುವ ಕೆಲಸವನ್ನೂ ನಾವು ಗದ್ದಲ ಮಾಡಿಯೇ ಮುಗಿಸಿದೆವು.

ನಿಪ್ಪಾಣಿಯಲ್ಲಿ ನಾನು ಶಾಲೆಯ ಟೀಚರು. ಓಣಿಯವರ ಬಾಯಲ್ಲಿ 'ಬಾಯಾರು'. ಬೇಸಿಗೆ ರಜೆಯಲ್ಲಿ ಬೀಡಿ ಸುತ್ತುವ ಹೆಂಗಸರೆಲ್ಲ ಮೊರ ಹಿಡಿದು ನನ್ನ ಪಡಸಾಲೆಗೇ ಬರುತ್ತಾರೆ, ಅಲ್ಲಿ ನೆಲ ತಂಪು. ಮೊಬೈಲು ಎಲ್ಲರ ಕೈಗೂ ಬಂದಿದ್ದ ಹೊಸತು. ಚಿಕ್ಕೋಡಿಯಲ್ಲಿ ಕಾಲೇಜು ಓದುವ ತಂಗಿಯ ಮಗಳು ನನ್ನ ಮೊಬೈಲಿಗೆ ಒಂದು ಆಡಿಯೋ ಕಾದಂಬರಿ ಹಾಕಿ, ಅಂಗೈಯಗಲದ ಸ್ಪೀಕರನ್ನೂ ಕೊಟ್ಟು ಹೋದಳು. ಎರಡು ರಾಜ್ಯ, ನಡುವೆ ಮಾಯದ ಹೊಳೆ. ಈಚೆ ದಡ ಬೆಳಕಿನ ನಾಡು, ಆಚೆ ದಡ ನೆರಳಿನ ನಾಡು, ಎರಡಕ್ಕೂ ಹಾವು ಮುಂಗುಸಿಯ ಸಂಬಂಧ. ಈಚೆಯ ರಾಜಕುಮಾರಿಗೆ ಆಚೆಯ ರಾಜಕುಮಾರನ ಮೇಲೆ ಪ್ರೀತಿ. ಬೀಡಿ ಸುತ್ತುವವರಿಗೆ ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಕಥೆ ಹಚ್ಚಿದೆ. ಓಣಿಗೆಲ್ಲ ಹುಚ್ಚು ಹಿಡಿಯಿತು, ನನಗೆ ಎಲ್ಲರಿಗಿಂತ ಮೊದಲು!

ಗುಂಪಿಗೆ ಹಿರಿಯಳು ಕಾಕು, ಓಣಿಗೆಲ್ಲ ಚಿಕ್ಕಮ್ಮ. ಆಕೆಯ ಮನೆಯಲ್ಲೂ ಆ ಬೇಸಿಗೆ ಯುದ್ಧವೇ. ಉಗಾರ ಖುರ್ದದ ಹುಡುಗನೊಬ್ಬ ಮಗಳ ಮನಸ್ಸಿಗೆ ಬಂದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಸೀಜನ್ನಿಗಷ್ಟೇ ಅವನಿಗೆ ಕೆಲಸ. ಅವನ ಮನೆಯವರು ಹೆಣ್ಣು ಕೇಳಿದ್ದರು. ಆದರೆ ಉಗಾರ ಇರುವುದು ಕೃಷ್ಣೆಯ ಆಚೆ. ಹಿಂದೆ ಕಾಕುವಿನ ಅಕ್ಕನನ್ನು ಹೊಳೆ ಆಚೆ ಕೊಟ್ಟಿದ್ದರು. ಮಹಾಪೂರ ಬಂದು ದಾರಿ ಕಟ್ಟಿ, ತಾಯಿ ತೀರಿಕೊಂಡಾಗ ಆಕೆಗೆ ಮುಖ ನೋಡಲೂ ಬರಲಾಗಲಿಲ್ಲ. "ಹೊಳಿ ಆಚೀಗೆ ನಾ ಹೆಣ್ಣ ಕೊಡೂದಿಲ್ಲಂದ್ರ ಕೊಡೂದಿಲ್ಲ" ಎಂದು ಕಾಕು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಮಗಳು ಮೂಲೆಯಲ್ಲಿ ತಲೆ ತಗ್ಗಿಸಿ ಬೀಡಿ ಸುತ್ತುತ್ತಿದ್ದಳು.

ಯುದ್ಧದ ಬೀಡಿ

ಮಂತ್ರವಾದಿಗಳು ಒಬ್ಬರ ಮೇಲೊಬ್ಬರು ಬೆಂಕಿ ಉಗುಳಿದ ಅಧ್ಯಾಯದಲ್ಲಿ ಯಾರಿಗೂ ಕೈಯ ಮೇಲೆ ಗಮನವಿರಲಿಲ್ಲ. ಮರುದಿನ ಬೀಡಿ ಕಾರ್ಖಾನೆಯ ಚೆಕ್ಕರ್ ಕಟ್ಟು ಬಿಚ್ಚಿ ದಂಗಾದ.

"ಇದೇನ್ರಿ ಕಾಕು, ಬೀಡಿಯೋ ಲಟ್ಟಣಿಗಿಯೋ?"

"ನಿನ್ನೆ ಯುದ್ಧ ಇತ್ತೋ ತಮ್ಮಾ."

"ಮತ್ತ ಇವು ಯಾಕ ಊದಿನಕಡ್ಡಿ ಹಂಗ ಸಣ್ಣ ಅದಾವ?"

"ಅವು ಅವ್ರಿಬ್ರೂ ಬೆಳದಿಂಗಳಾಗ ಕೈ ಕೈ ಹಿಡಕೊಂಡಾಗಿನವು."

ಚೆಕ್ಕರ್ ಎಲ್ಲವನ್ನೂ ವಾಪಸ್ಸು ಕೊಟ್ಟ. ಮರುದಿನ ಮಧ್ಯಾಹ್ನ ನೋಡಿದರೆ ನನ್ನ ಕಟ್ಟೆಯ ಮೇಲೆ ಕುಳಿತಿದ್ದಾನೆ! "ನೀವು ಹೆಂಗ ಸುತ್ತತೀರಿ ನೋಡಾಕ ಬಂದೇನ್ರಿ" ಎಂದ. ಅವನ ಕಣ್ಣು ಮೊರದ ಮೇಲಿರಲಿಲ್ಲ, ಸ್ಪೀಕರಿನ ಮೇಲಿತ್ತು. "ಯುದ್ಧ ಮುಗೀತೇನ್ರಿ?" ಎಂದು ಮೆಲ್ಲಗೆ ಕೇಳಿದ.

ವರನ ಮನೆ ವಿಚಾರಣೆ

ಕಾಕುಗೆ ಕಥೆಯಲ್ಲಿ ಏನಾದರೂ ತಲೆಗೆ ಹೋಗದಿದ್ದರೆ ಅಥವಾ ತೀರಾ ಹಿಡಿಸಿದರೆ ಕೈ ಎತ್ತುತ್ತಿದ್ದಳು. "ಬಾಯಾರ, ನಿಲ್ಲಸ್ರಿ. ಸ್ವಲ್ಪ ಹಿಂದಕ್ಕ ತಗೋರಿ!" ನಾನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಹಚ್ಚಬೇಕು. ಹೀಗಾಗಿ ನಾವು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ.

ಒಂದು ದಿನ ರಾಜಕುಮಾರ ರೆಕ್ಕೆಯ ಕುದುರೆಯೇರಿ ಬಂದು, ನನ್ನ ಅರಮನೆಗೆ ನಕ್ಷತ್ರಗಳದೇ ಛಾವಣಿ ಎಂದ. ನನಗೆ ಮೈ ಜುಮ್ಮೆಂದಿತು. ಕಾಕು ಕೈ ಎತ್ತಿದಳು.

"ಹಾರೂ ಕುದರಿ ಕಟಗೊಂಡ ಏನ ಮಾಡೂದೈತ್ರಿ? ನಳದಾಗ ನೀರ ದಿನಾ ಬರ್ತೈತೋ, ಎಂಟ ದಿನಕ್ಕೊಮ್ಮಿ ಬರ್ತೈತೋ, ಅದನ್ನ ಮೊದಲ ಕೇಳಂತ ಹೇಳ್ರಿ ಆ ಹುಡಗೀಗೆ!"

ರಾಜನಿಗೆ ಬೈಗುಳ

ರಾಜನಿಗೆ ವಿಷಯ ಗೊತ್ತಾಯಿತು. ಹೊಳೆ ದಾಟಿದರೆ ನೀನು ನನ್ನ ಮಗಳೇ ಅಲ್ಲ ಎಂದು ಗುಡುಗಿದ. ಕಾಕುಗೆ ಎಲ್ಲಿತ್ತೋ ಸಿಟ್ಟು!

"ಎಂಥಾ ಅಪ್ಪನಪಾ ಇವ! ಮಗಳ ಕಣ್ಣೀರ ಕಾಣವಲ್ದೇನ ಇವಗ? ಹೊಳಿ ದೊಡ್ಡದೋ, ಮಗಳ ದೊಡ್ಡಾಕಿಯೋ?"

ಎಲ್ಲರ ಕೈಗಳು ನಿಂತವು. ಎಲ್ಲರೂ ಕಾಕುವನ್ನೇ ನೋಡಿದರು. ಮೂಲೆಯಲ್ಲಿ ಮಗಳ ಕೈಯೊಳಗಿನ ದಾರ ಪಟ್ಟನೆ ಹರಿಯಿತು.

"ಏನ ನೋಡಾಕತ್ತೀರಿ ನನ್ನ?" ಎಂದಳು ಕಾಕು. "ಅದು ಕಥಿ. ಕಥಿಯಾಗ ಹೇಳಾಕ ಏನ ಹೋಗ್ತೈತಿ?"

ಸ್ಪೀಕರಿಗೆ ಉಡಿ

ಕೊನೆಯ ಅಧ್ಯಾಯದ ದಿನ ಕೂರಲು ಜಾಗವಿರಲಿಲ್ಲ. ರಾಜಕುಮಾರಿ ತಂದೆಯನ್ನು ಬಿಟ್ಟು ಹೊರಟಳು. ಅವಳ ತಾಯಿ ತೀರಿಕೊಂಡು ಎಷ್ಟೋ ಕಾಲ. ದಡದಲ್ಲಿ ದೋಣಿ, ದೋಣಿಯಲ್ಲಿ ರಾಜಕುಮಾರ. ಅವಳು ಇನ್ನೇನು ಕಾಲಿಡಬೇಕು.

"ಬಾಯಾರ, ನಿಲ್ಲಸ್ರಿ!"

ಎಲ್ಲರೂ ಹೋ ಎಂದು ಕಿರುಚಿದರು. ಚೆಕ್ಕರಂತೂ ಹಣೆ ಬಡಿದುಕೊಂಡ. ಕಾಕು ಎದ್ದು ನಿಂತಿದ್ದಳು.

"ತಾಯಿಲ್ಲದ ಹುಡಗಿ, ಬರೇ ಉಡೀಲೆ ಗಂಡನ ಮನಿಗೆ ಹೊಂಟಾಳ. ಕೇಳಕೋತ ಕುಂತೀರಲ್ಲ, ಮುತ್ತೈದ್ಯಾರಲ್ಲೇನ ನೀವು?"

ಕಾಕು ಮಗಳನ್ನು ಮನೆಗೆ ಓಡಿಸಿದಳು. ಮಡಿಲು ತುಂಬಲು ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಬಂದವು. ಸ್ಪೀಕರನ್ನು ಮಣೆಯ ಮೇಲಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಖಣ ಹೊದಿಸಿ, ಐದು ಜನ ಸೇರಿ ಉಡಿ ತುಂಬಿದರು. ನಾನೂ ತುಂಬಿದೆ, ಸುಳ್ಳೇಕೆ ಹೇಳಲಿ. ಕಾಕು ಸ್ಪೀಕರಿನ ದೃಷ್ಟಿ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಗಿ ಬಾ ನನ್ನವ್ವಾ. ಹೊಳಿ ಏನ ಮಾಡೀತು? ಮನಸ ಇದ್ದಲ್ಲೇ ಮನಿ."

ಮೂಲೆಯಿಂದ ಸಣ್ಣ ದನಿ ಬಂತು. "ಯವ್ವಾ, ಆಕೀಗೆ ಹೊಳಿ ಆಚೆ ನಡೀತೈತಿ. ನನಗ?"

ಕಾಕು ಸ್ಪೀಕರನ್ನು ನೋಡಿದಳು, ಮಗಳನ್ನು ನೋಡಿದಳು. ಸಿಕ್ಕಿಬಿದ್ದಿದ್ದಳು. "ನಿನ್ನ ಹುಡಗಗ ಮಾಯಾ ಮಂತ್ರ ಏನರ ಬರ್ತೈತೇನ ಮತ್ತ?" ಎಂದಳು.

"ಇಲ್ಲಬೇ. ಮೊನ್ನೆ ಕಾರ್ಖಾನ್ಯಾಗ ಕಾಯಂ ಮಾಡ್ಯಾರ."

"ಕಾಯಂ?" ಕಾಕು ಧೊಪ್ಪನೆ ಕೂತಳು. "ಇನ್ನ ಮಾಯಾ ಅಂದ್ರ ಏನ ಇರ್ತೈತಿ! ಮೊದಲ ಬೊಗಳಾಕ ಏನಾಗಿತ್ತ? ನೌಕರಿ ಇಲ್ಲದ ಆ ರಾಜಕುಮಾರನ ಸಲುವಾಗಿ ಸುಮ್ನ ಅತ್ನಲ್ಲೇ!"

ಹಿಂದಕ್ಕ ತಗೋರಿ

ಮದುವೆಯಾಯಿತು. ಮಗಳಿಗೆ ಉಡಿ ತುಂಬಿ, ಉಗಾರಕ್ಕೆ ಹೊರಟ ಜೀಪಿನಲ್ಲಿ ಕೂರಿಸಿದರು. ಅಲ್ಲಿಯವರೆಗೆ ಕಾಕು ಗಟ್ಟಿಯಾಗಿದ್ದಳು. ನನ್ನ ಪಕ್ಕದಲ್ಲೇ ನಿಂತಿದ್ದಳು. ಜೀಪು ಓಣಿಯ ತಿರುವಿಗೆ ಹೋಗಿ, ಮಗಳ ಮುಖ ಮರೆಯಾಗುವ ಹೊತ್ತಿಗೆ, ಆಕೆಯ ಕೈ ತಾನಾಗಿಯೇ ಮೇಲಕ್ಕೆ ಹೋಯಿತು.

"ಬಾಯಾರ, ನಿಲ್ಲಸ್ರಿ! ಸ್ವಲ್ಪ ಹಿಂದಕ್ಕ ತಗೋರಿ!"

ಆ ದನಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ತನಗೇ ಹೇಳಿದ್ದೆಂದು ತಿಳಿದು, ಬ್ಯಾಂಡಿನವರನ್ನು ಗೋಡೆಗೊತ್ತಿಸಿ, ಜೀಪನ್ನು ಹಿಮ್ಮುಖವಾಗಿ ತಂದು ಸರಿಯಾಗಿ ಕಾಕುವಿನ ಮುಂದೆ ನಿಲ್ಲಿಸಿದ. ಅಳುತ್ತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. ಬೀಗರು ಕಕ್ಕಾಬಿಕ್ಕಿಯಾದರು. ನಾವು ಓಣಿಯವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕಾಕು ನಗಲಿಲ್ಲ. ಕಿಟಕಿಯೊಳಗೆ ಕೈ ಹಾಕಿ, ಮಗಳ ಗಲ್ಲ ಹಿಡಿದು, ಆ ಮುಖವನ್ನು ಮತ್ತೊಮ್ಮೆ ಕಣ್ತುಂಬ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಾಕ್ರಿ ಬಾಯಾರ. ಇನ್ನ ಮುಂದ ಹಚ್ಚರಿ."