ಗೇಣು ಮೀರಿದ ಪೊರಕೆ

ಕ್ಯೋಟೋದ ನಮ್ಮ ಓಣಿಯಲ್ಲಿ ಬೆಳಿಗ್ಗೆ ಗುಡಿಸುವುದಕ್ಕೊಂದು ಕ್ರಮವಿದೆ. ನಿಮ್ಮ ಮನೆಯ ಮುಂದೆ ಪೂರ್ತಿ, ಪಕ್ಕದ ಮನೆಯ ಕಡೆಗೆ ಒಂದು ಗೇಣು. ಕಡಿಮೆಯಾದರೆ ನೀವು ಜಿಪುಣರು. ಹೆಚ್ಚಾದರೆ 'ನಿಮ್ಮ ಬಾಗಿಲು ಗಲೀಜು' ಎಂದು ಮುಖದ ಮೇಲೆ ಹೇಳಿದಂತೆ. ಇಸಾಮು ಆ ಭಾನುವಾರ ಪಕ್ಕದ ಮನೆಯ ಮುಂದೆ ಮೂರು ಮಾರು ಗುಡಿಸಿಬಿಟ್ಟ.

ಬೇಕೆಂದು ಮಾಡಿದ್ದಲ್ಲ. ಅವನು ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ಪಕ್ಕದ ಮನೆಯ ಫುಮಿನೋ ಅವರ ಬಾಗಿಲಲ್ಲಿ ಒಂದು ಮೇಪಲ್ ಮರವಿದೆ. ಅದರ ಬಿಸಿಲ ಕಡೆಯ ಎಲೆಗಳು ಕೆಂಪಾಗಿ, ಗೋಡೆಯ ಕಡೆಯವು ಹಳದಿಯಾಗಿಯೇ ಉಳಿದದ್ದನ್ನು ಕತ್ತೆತ್ತಿ ನೋಡುತ್ತ ನಡೆದ. ಕೈ ತನ್ನ ಪಾಡಿಗೆ ತಾನು ಗುಡಿಸುತ್ತ ಹೋಯಿತು.

ಫುಮಿನೋ ಬಾಗಿಲು ತೆರೆದರು. "ಅಯ್ಯೋ, ನಮ್ದೂ ಗುಡಿಸ್ಬಿಟ್ರಾ. ಎಷ್ಟು ಒಳ್ಳೇವ್ರಪ್ಪ ನೀವು."

"ಅದೇನ್ ಮಹಾ ಬಿಡಿ," ಎಂದ ಇಸಾಮು. ಅವನು ತೋಸಾ ಕಡೆಯ ಮೀನುಗಾರರ ಊರಿನವನು. ಅಲ್ಲಿ ಹೊಗಳಿದರೆ ಹೊಗಳಿದಂತೆಯೇ. "ಬೇಕಿದ್ರೆ ದಿನಾ ಗುಡಿಸ್ತೀನಿ. ಅಂದ ಹಾಗೆ, ಎಲೆ ಯಾಕೆ ಬಣ್ಣ ತಿರುಗತ್ತೆ ಗೊತ್ತಾ? ಚಳಿ ಬಂತು ಅಂದ್ರೆ ಮರ ಹಸಿರನ್ನೆಲ್ಲ ಒಡೆದು ಸತ್ವ ವಾಪಸ್ ಎಳ್ಕೊಳ್ಳತ್ತೆ. ಒಳಗೆ ಮೊದ್ಲಿಂದ ಇದ್ದ ಹಳದಿ ಆಗ ಕಾಣತ್ತೆ. ಆಮೇಲೆ ತೊಟ್ಟಿಗೆ ಬಿರಡೆ ಹಾಕತ್ತೆ. ಎಲೇಲೇ ಸಿಕ್ಕಿಹಾಕ್ಕೊಂಡ ಸಕ್ಕರೆ ಬಿಸಿಲಿಗೆ ಕೆಂಪು ಬಣ್ಣ ಆಗತ್ತೆ."

"ಎಷ್ಟು ಸ್ಪಷ್ಟವಾದ ಧ್ವನಿ ನಿಮ್ದು. ಓಣಿ ಕೊನೇವರ್ಗೂ ಕೇಳ್ಸತ್ತೆ," ಎಂದು ಫುಮಿನೋ ಬಾಗಿಲು ಹಾಕಿಕೊಂಡರು.

ಒಳಗೆ ಅತ್ತೆ ಕಿನು ಊಟದ ಕಡ್ಡಿ ಕೆಳಗಿಟ್ಟರು. "ಏನಂದ್ರು ಅವ್ರು?"

"ಒಳ್ಳೇವ್ರು ಅಂದ್ರು."

"ಮತ್ತೆ?"

"ಧ್ವನಿ ಸ್ಪಷ್ಟವಾಗಿದೆ ಅಂದ್ರು."

"ಕೆಟ್ವಿ ಅಳಿಯಂದ್ರೇ. ಎರಡು ಸಲ ಉಗಿದು ಕಳ್ಸಿದಾರೆ."

ಇಸಾಮು ಮನೆಯಳಿಯ. ಅವನು ಬಂದು ಮೂರು ವರ್ಷವಾದರೂ ಬಾಗಿಲಲ್ಲಿರುವುದು ತೀರಿಹೋದ ಮಾವನ ಹೆಸರಿನ ಫಲಕವೊಂದೇ. ಅಂಚೆಯವನು ಇವತ್ತಿಗೂ 'ಇಂಥವರೊಬ್ಬರು ಇಲ್ಲಿದ್ದಾರಾ' ಎಂದು ಇವನನ್ನೇ ಕೇಳಿ ಇವನ ಪತ್ರ ಕೊಡುತ್ತಾನೆ. ತನ್ನ ಹೆಸರೂ ಅಲ್ಲಿರಬೇಕೆಂಬುದೊಂದೇ ಅವನ ಆಸೆ. ಅತ್ತೆ ಕೊನೆಗೂ ಒಪ್ಪಿ, ಹೆಸರು ಕೆತ್ತುವವನನ್ನು ಆ ಸಂಜೆಯೇ ಬರಹೇಳಿದ್ದರು.

"ಸಂಜೆಯೊಳ್ಗೆ ಅವ್ರನ್ನ ಸಮಾಧಾನ ಮಾಡಿ. ಇಲ್ದಿದ್ರೆ ಕೆತ್ತೋನನ್ನ ಬಂದ ದಾರೀಲೇ ಕಳಿಸ್ತೀನಿ," ಎಂದರು ಅತ್ತೆ.

ಇಸಾಮು ಹೂರಣದ ಸಿಹಿ ಆರು ಒಯ್ದುಕೊಟ್ಟ. ಅರ್ಧ ಗಂಟೆಯೊಳಗೆ ಆ ಮನೆಯಿಂದ ಒಂದು ಬುಟ್ಟಿ ಹಣ್ಣು ಬಂತು. ಕೊಟ್ಟದ್ದಕ್ಕಿಂತ ದೊಡ್ಡದನ್ನು ಮರಳಿಸುವುದು ಇಲ್ಲಿಯ ಪದ್ಧತಿ. ಇಷ್ಟು ಬೇಗ ಮರಳಿಸಿದರೆ 'ನಿಮ್ಮ ಹಂಗು ಬೇಡ' ಎಂದರ್ಥ. ಅತ್ತೆ ಬುಟ್ಟಿಯನ್ನು ಹಾವಿನ ಬುಟ್ಟಿಯಂತೆ ನೋಡಿದರು.

ಗುಡಿಸಿದ್ದೇ ತಪ್ಪಾದರೆ ಗುಡಿಸಿದ್ದನ್ನು ವಾಪಸು ಹಾಕಿದರಾಯಿತು ಎಂದುಕೊಂಡ ಇಸಾಮು. ಫುಮಿನೋ ನಿಲ್ದಾಣದ ಕಡೆ ಹೊರಟದ್ದೇ ತಡ, ಕಸದ ಚೀಲ ಹಿಡಿದು ಹೋದ. ಬೆಳಗಿನ ಎಲೆಗಳು ಚೀಲದಲ್ಲಿ ಹಪ್ಪಳದ ಪುಡಿಯಾಗಿದ್ದವು. ಹೊಸದಾಗಿ ಒಂದು ಹಿಡಿ ಉದುರಲೆಂದು ಮರವನ್ನು ಅಲುಗಿಸಿದ. ಪ್ರತಿ ತೊಟ್ಟಿಗೂ ಬಿರಡೆ ಬಿದ್ದು ಎಲೆಗಳು ಬೀಳಲು ಕಾದು ನಿಂತಿರುತ್ತವೆ ಎಂಬುದು ಮೇಷ್ಟರಿಗೆ ನೆನಪಾದದ್ದು ಇಡೀ ಮರ ತಲೆಯ ಮೇಲೆ ಸುರಿದ ಮೇಲೆ.

ಎದುರಿನ ಅಕ್ಕಿ ಅಂಗಡಿಯಿಂದ ಗೆಂಜೋ ಇಣುಕಿದ. "ಮೇಷ್ಟ್ರೇ, ಆ ಮರ ನೋಡೋಕೆ ಅಂತ್ಲೇ ಅವರ ಮನೆಗೆ ಇವತ್ತು ಅತಿಥಿಗಳು ಬರ್ತಿದಾರೆ. ವರ್ಷಕ್ಕೊಂದೇ ಸಲ."

"ನಂಗೆ ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಅಗೋ, ಬಂದ್ರು."

ಕೂದಲ ತುಂಬ ಎಲೆ ಹೊತ್ತು ಇಸಾಮು ಅಲ್ಲೇ ನಿಂತ. ಫುಮಿನೋ ಅವರ ಹಿಂದೆ ನಾಲ್ವರು ಅತಿಥಿಗಳು. ಎಲ್ಲರೂ ಬೋಳು ಕೊಂಬೆ ನೋಡಿದರು, ನೆಲ ನೋಡಿದರು. ನೆಲದ ಕಲ್ಲು ಒಂದೂ ಕಾಣದಂತೆ ಕೆಂಪು ಹಾಸಿತ್ತು. ಇಸಾಮು ಕಸದ ಚೀಲವನ್ನು ಬೆನ್ನ ಹಿಂದೆ ಅಡಗಿಸಿದ.

ಅತಿಥಿಗಳಲ್ಲಿ ಹಿರಿಯರು ಕುಂಚದ ಬರಹ ಕಲಿಸುವ ಹೊರಿಯೆ ಗುರುಗಳು. "ಕೊಂಬೆ ಮೇಲಿನ ಕೆಂಪು ಯಾರ್ ಬೇಕಾದ್ರೂ ತೋರಿಸ್ತಾರೆ. ನೀವು ನೆಲದ ಮೇಲೆ ತೋರ್ಸಿದ್ರಿ. ಎಂಥ ರಸಿಕತೆ," ಎಂದರು ಫುಮಿನೋ ಅವರತ್ತ ತಿರುಗಿ.

ಫುಮಿನೋ ಮರವನ್ನೊಮ್ಮೆ, ಇಸಾಮುವನ್ನೊಮ್ಮೆ ನೋಡಿದರು. "ಏನೋ, ನಮ್ಮ ಕೈಲಾದಷ್ಟು," ಎಂದು ತಲೆಬಾಗಿದರು.

ಸಂಜೆ ಕೆತ್ತುವವನು ಬಂದು ಕೂತಿದ್ದಾಗಲೇ ಫುಮಿನೋ ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ಬಂದರು. "ಇವತ್ತು ನನ್ನ ಮಾನ ಹೆಚ್ಚಿಸಿದ್ರಿ ಮೇಷ್ಟ್ರೇ. ಏನ್ ಕೊಟ್ರೂ ಕಮ್ಮಿಯೇ. ನಿಮಗೆ ಫಲಕ ಇಲ್ವಲ್ಲ ಅಂತ ಗುರುಗಳ ಕೈಲೇ ಬರೆಸ್ದೆ."

ಒಳಗಿದ್ದದ್ದು ಹಿನೋಕಿ ಮರದ ನುಣುಪಾದ ಹಲಗೆ. ಮೊಳದುದ್ದ. ಮೇಲೆ ದಪ್ಪ ಕುಂಚದಲ್ಲಿ ಇಸಾಮುವಿನ ಹೆಸರು. ಅವನ ಕಣ್ಣು ತುಂಬಿಬಂತು. ಅತ್ತೆ ಹತ್ತು ಸಲ ಬಾಗಿ ಉಪಕಾರ ಹೇಳಿ ಅವರನ್ನು ಕಳಿಸಿದರು, ಬಾಗಿಲು ಹಾಕಿದರು, ಹಲಗೆಯನ್ನು ಗೇಣಿನಲ್ಲಿ ಅಳೆದರು.

"ನಿಮ್ಮ ಮಾವನವ್ರ ಫಲಕ ಅಂಗೈಯಷ್ಟಿದೆ. ಪಕ್ಕದಲ್ಲಿ ಇದನ್ನ ಹಾಕಿದ್ರೆ, ಮನೆ ಯಾರದು ಅಂತ ಓಣಿ ಕೇಳತ್ತೆ."

"ಹಾಗಾದ್ರೆ ಚಿಕ್ಕದೊಂದು ಕೆತ್ತಿಸೋಣ ಅತ್ತೆ. ಇವ್ರು ಬಂದೇ ಇದಾರಲ್ಲ."

"ಗುರುಗಳು ಬರೆದದ್ದನ್ನ ಒಳಗಿಟ್ಟು ಬೇರೆ ಹಾಕಿದ್ರೆ ಫುಮಿನೋ ಕೆನ್ನೆಗೆ ಹೊಡೆದ ಹಾಗೆ. ಇನ್ನು ನಾವಿರೋವರ್ಗೂ ನಿಮ್ಮ ಫಲಕದ ಮಾತೇ ಇಲ್ಲ."

ಕೆತ್ತುವವನು ಟೀ ಮುಗಿಸಿ ಬಂದ ದಾರಿಯಲ್ಲೇ ಹೋದ.

ಹಿನೋಕಿ ಹಲಗೆ ನೀರಿಗೆ ಹಾಳಾಗುವುದಿಲ್ಲ, ಚೂರಿಯ ಬಾಯಿಯನ್ನೂ ಕೆಡಿಸುವುದಿಲ್ಲ. ಮರುದಿನದಿಂದ ಅತ್ತೆ ಅದನ್ನು ಬೋರಲು ಹಾಕಿಕೊಂಡು ಮೂಲಂಗಿ ಹೆಚ್ಚುತ್ತಿದ್ದಾರೆ.